ಹಂದಿ ಸವಾರರು ಬಂದ ದಿಕ್ಕು

ಇಚ್ಚ ಆಟದಲ್ಲಿ ಮೋಸ ಮಾಡುವವರಲ್ಲ. ಈ ಮಾತನ್ನು ಮೊದಲೇ ಹೇಳಿಬಿಡಬೇಕು. ಯಾಕೆಂದರೆ ಆ ಭಾನುವಾರ ಮಧ್ಯಾಹ್ನ ಒಂದು ಗಳಿಗೆ ನನಗೆ ಅವರ ಮೇಲೆ ಆ ಅನುಮಾನವೇ ಬಂದಿತ್ತು. ಅದು ಬರೀ ಮೋಸವಾಗಿದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಿದ್ದೇನೆ.

ಇಚ್ಚ ಎಂದರೆ ಬ್ಯಾರಿ ಭಾಷೆಯಲ್ಲಿ ಅಣ್ಣ. ದರ್ಬೆಯಲ್ಲಿ ಟೈಲ್ಸ್ ಅಂಗಡಿ ಇಟ್ಟಿರುವ ಅವರನ್ನು ಆಚೀಚೆ ಅಂಗಡಿಯವರೆಲ್ಲ ಹಾಗೆಯೇ ಕರೆಯುತ್ತಾರೆ. ನಾನು ಸುಳ್ಯ ಕಡೆಯ, ಅರೆಭಾಷೆ ಮಾತಾಡುವ ಮನೆಯವನು, ನರಿಮೊಗರಿನ ಹತ್ತಿರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮಾಷ್ಟ್ರು. ನನಗೂ ಅವರು ಇಚ್ಚನೇ, ಅವರಿಗೆ ನಾನು ಮಾಷ್ಟ್ರು. ಪೇಟೆಯಲ್ಲಿ ಸಿಕ್ಕಿದರೆ ನಾವು ತುಳುವಿನಲ್ಲಿ ಮಾತಾಡುತ್ತೇವೆ. ಆಟದ ಮೇಜಿಗೆ ಬಂದರೆ ಮಾತ್ರ, ಯಾಕೋ ಗೊತ್ತಿಲ್ಲ, ಕನ್ನಡ. ಆಟದಲ್ಲಿ ಜಗಳ ಬಂದರೆ ಮತ್ತೆ ತುಳು.

ಅವರು ತುಂಬ ವರ್ಷ ಗಲ್ಫಿನಲ್ಲಿದ್ದವರು. ಅಲ್ಲಿ ಒಂದು ಆಟಿಕೆ ಅಂಗಡಿಯ ಗೋದಾಮಿನಲ್ಲಿ ಕೆಲಸ. ಜೊತೆಗಿದ್ದ ಫಿಲಿಪೈನ್ಸಿನವನೊಬ್ಬ ರಜೆಯ ದಿನಗಳಲ್ಲಿ ಅವರಿಗೆ ಬೊಂಬೆ ಸೈನ್ಯಗಳನ್ನು ಮೇಜಿನ ಮೇಲೆ ಕಾದಾಡಿಸುವ ಈ ಆಟ ಕಲಿಸಿದನಂತೆ. ಊರಿಗೆ ವಾಪಸು ಬರುವಾಗ ಬೇರೆಯವರು ಕಂಬಳಿ, ಸೆಂಟು, ಖರ್ಜೂರ ತಂದರೆ ಇವರು ಪ್ಲಾಸ್ಟಿಕ್ಕಿನ ಸೈನಿಕರನ್ನು ತಂದರು. ಹೆಬ್ಬೆರಳಷ್ಟು ಎತ್ತರದ ಕುದುರೆ ಸವಾರರು, ಭರ್ಜಿಯವರು, ಬಿಲ್ಲಿನವರು, ರಕ್ಕಸರು, ಒಂದು ರೆಕ್ಕೆಯ ಹಾವು. ಎಲ್ಲವೂ ಬೂದು ಬಣ್ಣದವು, ತುಂಡು ತುಂಡಾಗಿ ಪೆಟ್ಟಿಗೆಯಲ್ಲಿ ಇದ್ದವು. ನನ್ನ ಕೈ ಸಣ್ಣ ಕುಂಚದಲ್ಲಿ ನಿಲ್ಲುತ್ತದೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಒಂದು ಸಂಜೆ ಅವರು ಆ ಪೆಟ್ಟಿಗೆ ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಗಡ್ಡ ನೆರೆತ ಮನುಷ್ಯ ಮಡಿಲಲ್ಲಿ ಬೊಂಬೆ ಪೆಟ್ಟಿಗೆ ಇಟ್ಟುಕೊಂಡು ಕೂತದ್ದು ನೋಡಿ ನನ್ನ ಹೆಂಡತಿ ಒಳಗೆ ಹೋಗಿ ನಕ್ಕಳು. ನಾನು ಬಣ್ಣ ಹಚ್ಚಿ ಕೊಟ್ಟೆ. ಕೊಟ್ಟ ದಿನ ಅವರು ನನ್ನನ್ನು ಬಿಡಲಿಲ್ಲ. ಎದುರಾಳಿ ಇಲ್ಲದೆ ಆಡುವುದು ಹೇಗೆ ಮಾಷ್ಟ್ರೆ, ನೀವೇ ಕೂತುಕೊಳ್ಳಿ ಎಂದರು. ಹಾಗೆ ಶುರುವಾದದ್ದು.

ಮೇಜು ಇರುವುದು ಅಂಗಡಿಯ ಮೇಲಿನ ಕೋಣೆಯಲ್ಲಿ. ಮನೆ ಅಂಗಡಿಯ ಹಿಂದೆಯೇ ಇದೆ, ಆದರೆ ಅವರ ಹೆಂಡತಿಗೆ ಮನೆಯೊಳಗೆ ಬೊಂಬೆಗಳನ್ನು ಇಡುವುದು ಸರಿ ಕಾಣುತ್ತಿರಲಿಲ್ಲ. ನಮಾಜು ಮಾಡುವ ಮನೆಯಲ್ಲಿ ಕೈಕಾಲು ಮುಖ ಇರುವ ವಿಗ್ರಹದ ಹಾಗಿನವು ಯಾಕೆ ಎಂಬುದು ಅವರ ಮಾತು. ಇಚ್ಚ ಎದುರು ಹೇಳಲಿಲ್ಲ, ಎಲ್ಲವನ್ನೂ ಮೇಲೆ ಸಾಗಿಸಿದರು. ಅದರಲ್ಲೂ ಕಾಡುಹಂದಿಯ ಮೇಲೆ ಕೂತ ರಕ್ಕಸರ ಒಂದು ತುಕಡಿ ಇತ್ತು. ಅದನ್ನು ಅಂಗಡಿಯ ಮೇಲೆಯೂ ಇಡುವಂತಿರಲಿಲ್ಲ. ಅದು ನೀವೇ ಇಟ್ಟುಕೊಳ್ಳಿ ಎಂದು ನನಗೆ ಕೊಟ್ಟುಬಿಟ್ಟರು. ಹಂದಿ ಸವಾರರು ನನ್ನ ಪಾಲಿಗೆ ಬಂದದ್ದರಿಂದ ರಕ್ಕಸರ ಸೈನ್ಯವೂ ನನ್ನದೇ ಆಯಿತು. ಇಚ್ಚನದು ಮನುಷ್ಯರ ಸೈನ್ಯ. ಪ್ರತಿ ಸಲವೂ ಆ ಹಂದಿಗಳನ್ನು ನಾನು ಒಂದು ಸ್ಟೀಲಿನ ಬುತ್ತಿ ಡಬ್ಬದಲ್ಲಿ ತಂದು, ಆಟ ಮುಗಿದ ಮೇಲೆ ಅದರಲ್ಲೇ ಮನೆಗೆ ಕೊಂಡುಹೋಗುತ್ತಿದ್ದೆ.

ಈ ಆಟದಲ್ಲಿ ಚದುರಂಗದ ಹಾಗೆ ಮನೆಗಳಿಲ್ಲ. ಖಾಲಿ ಮೇಜು. ಅದರ ಮೇಲೆ ಗುಡ್ಡ, ಬೇಲಿ, ಸಣ್ಣ ಕಾಡು ಎಂದು ಇಟ್ಟುಕೊಳ್ಳುವುದು. ಸೈನಿಕರು ಒಬ್ಬೊಬ್ಬರಾಗಿ ನಡೆಯುವುದಿಲ್ಲ, ಸಾಲುಸಾಲಾಗಿ ನಿಂತ ತುಕಡಿಯಾಗಿ ನಡೆಯುತ್ತಾರೆ. ಕಾಲಾಳು ಇಷ್ಟು ಇಂಚು, ಕುದುರೆ ಅದಕ್ಕಿಂತ ಹೆಚ್ಚು ಇಂಚು ಎಂದು ಲೆಕ್ಕ. ಮುಂದಕ್ಕೆ ನಡೆಯುವುದು ಸುಲಭ, ತಿರುಗುವುದು ಕಷ್ಟ. ಇಡೀ ತುಕಡಿ ಬಾಗಿಲಿನ ಹಾಗೆ ಒಂದು ಮೂಲೆಯ ಮೇಲೆ ತಿರುಗಬೇಕು, ಹೊರಗಿನ ತುದಿಯವನು ಎಷ್ಟು ದೂರ ಸುತ್ತಿದನೋ ಅಷ್ಟೂ ನಡಿಗೆಯಲ್ಲಿ ಕಳೆಯುತ್ತದೆ. ಹಾಗಾಗಿ ಎಲ್ಲಿ ಮುಖ ಮಾಡಿ ನಿಂತಿದ್ದೀರಿ ಎನ್ನುವುದೇ ಅರ್ಧ ಆಟ.

ಉಳಿದರ್ಧ ಏರಿ ಹೋಗುವುದು. ಇಂಗ್ಲಿಷಿನ ಪುಸ್ತಕದಲ್ಲಿ ಅದಕ್ಕೆ ಚಾರ್ಜ್ ಎಂದಿದೆ. ಮೇಲಿನಿಂದ ನಾವು ಚಾರ್ಜ್ ಚಾರ್ಜ್ ಎಂದು ವಾದ ಮಾಡುವುದು ಕೇಳಿ, ಇವರ ಮೊಬೈಲು ಎಷ್ಟು ಸಲ ಖಾಲಿಯಾಗುತ್ತದೆ ಎಂದು ಇಚ್ಚನ ಹೆಂಡತಿ ಕೇಳಿದ್ದರಂತೆ. ಆಮೇಲೆ ನಾವು ಏರಿ ಹೋಗುವುದು ಎಂದೇ ಹೇಳತೊಡಗಿದೆವು. ಅದರ ನಿಯಮ ಹೀಗೆ. ಯಾರ ಮೇಲೆ ಏರಿ ಹೋಗುವುದೋ ಅವರು ನಿಮ್ಮ ತುಕಡಿಯ ಕಣ್ಣಿಗೆ ಕಾಣಬೇಕು, ಮುಖದ ಎದುರಿನ ಕೋನದೊಳಗೆ ಇರಬೇಕು. ಅಳೆಯುವ ಮೊದಲೇ ಬಾಯಿಬಿಟ್ಟು ಹೇಳಬೇಕು, ಹೇಳಿದ ಮೇಲೆ ಹೇಳಿದ್ದೇ. ಆಮೇಲೆ ಟೇಪು ಹಿಡಿಯುವುದು. ಮುಟ್ಟಿದರೆ ಹೊಡೆತ ನಿಮ್ಮದು, ಎಷ್ಟು ಮಂದಿ ಬಿದ್ದರೆಂದು ಡೈಸ್ ಹಾಕಿ ನೋಡುವುದು. ಮುಟ್ಟದೆ ಹೋದರೆ ಅರ್ಧ ದಾರಿಯಲ್ಲಿ ನಿಂತು ಎದುರಾಳಿಯ ಬಾಯಿಗೆ ಬೀಳುತ್ತೀರಿ. ಪಕ್ಕೆಯಿಂದ ಏರಿ ಬಂದವನಿಗೆ ಲಾಭ ಹೆಚ್ಚು, ಏಕೆಂದರೆ ಪಕ್ಕಕ್ಕೆ ತಿರುಗಿ ಹೊಡೆಯುವವರು ಕಡಿಮೆ. ಹೊಸ ಪುಸ್ತಕಗಳಲ್ಲಿ ಮೊದಲೇ ಅಳೆದು ನೋಡಬಹುದಂತೆ. ನಾವು ಆಡುತ್ತಿದ್ದದ್ದು ಹಳೆಯ ನಿಯಮ, ಕಣ್ಣಳತೆಯೇ ಗತಿ.

ಕಣ್ಣಳತೆಯಲ್ಲಿ ಇಚ್ಚನನ್ನು ಮೀರಿಸುವವರಿಲ್ಲ. ಬಾಗಿಲಲ್ಲಿ ನಿಂತು ಕೋಣೆ ನೋಡಿ ಎಷ್ಟು ಪೆಟ್ಟಿಗೆ ಟೈಲ್ಸ್ ಬೇಕೆಂದು ಹೇಳುವ ಮನುಷ್ಯ. ಮೇಜಿನ ಮೇಲೆ ಬಗ್ಗಿ, ಒಂದು ಕಣ್ಣು ಸಣ್ಣದು ಮಾಡಿ, ಏರಿ ಹೋಗ್ತಾರೆ ಎಂದರೆಂದರೆ ಮುಟ್ಟಿತೆಂದೇ ಅರ್ಥ. ಅವರು ತಮ್ಮ ತುಕಡಿಯ ಪಕ್ಕೆಯನ್ನು ತೆರೆದು ಬಿಟ್ಟದ್ದನ್ನು ನಾನು ಎಂದೂ ಕಂಡಿರಲಿಲ್ಲ. ಒಂದು ಕೂದಲೆಳೆ ಹೆಚ್ಚು ಸರಿಸಿದರೂ ತಾವೇ ಹಿಂದಕ್ಕೆ ಇಡುತ್ತಿದ್ದರು.

ಆ ಭಾನುವಾರ ಬೆಳಿಗ್ಗೆ ನಾವು ಅವರ ಕಾರಿನಲ್ಲಿ ಕಡಬಕ್ಕೆ ಹೋಗಿದ್ದೆವು. ಅಲ್ಲಿ ಒಬ್ಬ ಬಡಗಿಗೆ ರಬ್ಬರ್ ಮರದ ತುಂಡುಗಳಲ್ಲಿ ಮೇಜಿಗೆ ಗುಡ್ಡಗಳನ್ನು ಮಾಡಲು ಹೇಳಿದ್ದೆವು, ಅವು ತಯಾರಾಗಿದ್ದವು. ಹೊರಡುವಾಗಲೇ ಇಚ್ಚ ತಲೆ ಸ್ವಲ್ಪ ಭಾರ ಎಂದಿದ್ದರು. ನಿದ್ದೆ ಸರಿ ಬರಲಿಲ್ಲ, ಬೆಳಗಿನ ನಮಾಜಿಗೆ ಎದ್ದವನು ಮತ್ತೆ ಮಲಗಲಿಲ್ಲ ಎಂದು ಅವರೇ ಕಾರಣವನ್ನೂ ಹೇಳಿದರು.

ಬರುವಾಗ ಆಲಂಕಾರಿನ ಹತ್ತಿರ ಕಾರಿನ ಎಡಗಾಲಿ ಡಾಮರು ಬಿಟ್ಟು ಮಣ್ಣಿಗೆ ಇಳಿಯಿತು. ಕೊಡೆ ಹಿಡಿದು ನಡೆಯುತ್ತಿದ್ದ ಹೆಂಗಸೊಬ್ಬಳು ಚರಂಡಿಗೆ ಹಾರಿದಳು. ನಾನು ಸ್ವಲ್ಪ ಬಲಕ್ಕೆ ತಕ್ಕೊಳ್ಳಿ ಎಂದೆ, ಅವರು ತೆಗೆದುಕೊಂಡರು. ಸವಣೂರು ದಾಟಿದ ಮೇಲೆ ಮತ್ತೊಮ್ಮೆ ಹಾಗೇ ಆಯಿತು. ಬಸ್ ಸ್ಟಾಪಿನಲ್ಲಿ ನಿಂತವರು ಹಿಂದಕ್ಕೆ ಸರಿದು ಬೈದದ್ದು ಕೇಳಿಸಿತು. ಇಚ್ಚ ಏನೂ ಆಗದವರ ಹಾಗೆ ಹೊಸ ಗುಡ್ಡದ ಮೇಲೆ ಬಿಲ್ಲಿನವರನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳುತ್ತಿದ್ದರು. ಆಟದ ಗುಂಗಿನಲ್ಲಿದ್ದಾರೆ ಎಂದು ನಾನೂ ಸುಮ್ಮನಾದೆ. ನನ್ನ ಮಡಿಲಲ್ಲಿ ರಬ್ಬರ್ ಮರದ ಗುಡ್ಡ ಇತ್ತು, ಅದರ ಮೇಲೆ ಹುಲ್ಲಿನ ಬಣ್ಣ ಯಾವುದು ಹಚ್ಚುವುದು ಎಂಬುದು ನನ್ನ ಯೋಚನೆ.

ಮಧ್ಯಾಹ್ನ ಅವರ ಹೆಂಡತಿ ಪತ್ತಿರಿ ಎಂಬ ಅಕ್ಕಿ ರೊಟ್ಟಿ ಮತ್ತು ಕೋಳಿ ಸಾರು ಮೇಲೆ ಕಳಿಸಿದರು. ಇಚ್ಚ ಬರೀ ಪತ್ತಿರಿಯನ್ನೇ ಮುರಿದು ತಿಂದು, ಇವತ್ತು ಸಾರು ಕಳಿಸಲಿಲ್ಲವಲ್ಲ ಎಂದರು. ಸಾರಿನ ಬಟ್ಟಲು ಅವರ ಎಡಗೈಯ ಹತ್ತಿರವೇ ಇತ್ತು. ನಾನು ಅದನ್ನು ಅವರ ಎದುರಿಗೆ ಸರಿಸಿದೆ. ಓ ಎಂದು ನಕ್ಕರು. ನಾನೂ ನಕ್ಕೆ.

ಆಮೇಲೆ ಆಟ. ಹೊಸ ಗುಡ್ಡಗಳನ್ನು ಇಟ್ಟೆವು. ನಾನು ಹಂದಿ ಸವಾರರನ್ನು ಬುತ್ತಿ ಡಬ್ಬದಿಂದ ತೆಗೆದು ನನ್ನ ಬಲತುದಿಯಲ್ಲಿ ನಿಲ್ಲಿಸಿದೆ. ಎದುರು ಕೂತ ಇಚ್ಚನಿಗೆ ಅದು ಎಡತುದಿ. ಮೊದಲ ಸುತ್ತುಗಳಲ್ಲಿ ಎರಡೂ ಕಡೆಯವರು ಮುಂದೆ ನಡೆದದ್ದಷ್ಟೆ. ಆಮೇಲೆ ಇಚ್ಚ ತಮ್ಮ ಕುದುರೆ ಸವಾರರನ್ನು ಗುಡ್ಡ ಬಳಸಿ ಬಲಕ್ಕೆ ತಿರುಗಿಸಿ ನಡೆಸಿದರು. ಅವರ ಎಡಪಕ್ಕೆ ಪೂರ್ತಿ ತೆರೆದುಕೊಂಡು, ನನ್ನ ಹಂದಿಗಳ ಮೂಗಿನ ಎದುರಿಗೇ ಬಂದು ನಿಂತಿತು.

ನಾನು ನಂಬಲಿಲ್ಲ. ಇದು ಬಲೆ ಎಂದುಕೊಂಡೆ. ಗುಡ್ಡದ ಹಿಂದೆ ಯಾರಾದರೂ ಅಡಗಿದ್ದಾರೋ, ನಾನು ಏರಿ ಹೋದ ಮೇಲೆ ನನ್ನ ಪಕ್ಕೆಗೆ ಯಾರು ಬರಬಹುದು ಎಂದು ಮೇಜಿನ ಸುತ್ತ ಬಗ್ಗಿ ಬಗ್ಗಿ ನೋಡಿದೆ. ಯಾರೂ ಇಲ್ಲ. ಕೊನೆಗೆ ಹೇಳಿದೆ, ನಿಮ್ಮ ಕುದುರೆಯವರ ಪಕ್ಕೆಗೆ ಏರಿ ಬರ್ತಾರೆ ಎಂದು.

"ಯಾರು?" ಎಂದರು ಇಚ್ಚ.

"ಹಂದಿಯವರು."

"ಅವರನ್ನು ನೀವು ಇವತ್ತು ಇಟ್ಟದ್ದೆಲ್ಲಿ ಮಾಷ್ಟ್ರೆ? ಡಬ್ಬದಿಂದ ತೆಗೀಲೇ ಇಲ್ಲ ಅಂತ ನಾನು ಗ್ರಹಿಸಿದ್ದು."

ಅವರು ತಮಾಷೆಗೆ ಹೇಳುವವರಲ್ಲ, ಆಟದ ನಡುವೆಯಂತೂ ಅಲ್ಲವೇ ಅಲ್ಲ. ಕಂಡೂ ಕಾಣದವರ ಹಾಗೆ ಮಾಡಿ ಈ ಹೊಡೆತ ತಪ್ಪಿಸಿಕೊಳ್ಳುತ್ತಿದ್ದಾರೆಯೇ ಎಂಬ ಅನುಮಾನ ನನಗೆ ಬಂದದ್ದು ಆಗಲೇ. ಮುಖ ನೋಡಿದೆ. ಅಲ್ಲಿ ಕಳ್ಳತನ ಇರಲಿಲ್ಲ. ಅವರು ನಿಜವಾಗಿ ಹುಡುಕುತ್ತಿದ್ದರು. ಕಣ್ಣು ಮೇಜಿನ ನಡುವೆಯಿಂದ ಬಲಕ್ಕೆ ಹೋಗುವುದು, ಮತ್ತೆ ನಡುವಿಗೆ ಬರುವುದು, ಮತ್ತೆ ಬಲಕ್ಕೆ. ಎಡಕ್ಕೆ ಹೋಗುತ್ತಲೇ ಇರಲಿಲ್ಲ. ಆ ಕಡೆ ಮೇಜೇ ಇಲ್ಲದ ಹಾಗೆ.

ಇಲ್ಲಿ ಉಂಟಲ್ಲ ಎಂದು ನಾನು ಕೈ ಚಾಚಿ ಹಂದಿಗಳ ಮೇಲೆ ಬೆರಳಿಟ್ಟೆ. ಇಚ್ಚ ನನ್ನ ಭುಜದಿಂದ ಮೊಣಕೈಯ ತನಕ ಕಣ್ಣು ಓಡಿಸಿ ಅಲ್ಲೇ ನಿಲ್ಲಿಸಿದರು.

"ನಿಮ್ಮ ಕೈ ಎಲ್ಲಿ ಹೋಯ್ತು?" ಎಂದರು.

ಆ ಮಾತು ಅವರ ಬಾಯಿಂದ ಬಂದ ರೀತಿ ಈಗಲೂ ನನ್ನ ಕಿವಿಯಲ್ಲಿದೆ. ಹೆದರಿಕೆಯಿಂದ ಅಲ್ಲ, ಅಂಗಡಿಯಲ್ಲಿ ಟೇಪು ಎಲ್ಲಿ ಇಟ್ಟೆ ಎಂದು ಕೇಳುವ ಹಾಗೆ ಕೇಳಿದರು. ಬೆರಳನ್ನು ಹಂದಿಗಳ ಮೇಲಿಂದ ತೆಗೆಯಲೂ ಆಗಲಿಲ್ಲ, ಅಲ್ಲೇ ಇಟ್ಟುಕೊಂಡು ನಿಂತೆ.

ಆಮೇಲೆ ಅವರು ಮಾಡಿದ್ದು ನೋಡಿ ನನಗೆ ಇನ್ನೂ ಗಾಬರಿಯಾಯಿತು. ಸ್ವಲ್ಪ ಸ್ವಲ್ಪವೇ ಕತ್ತು ಎಡಕ್ಕೆ ತಿರುಗಿಸಿದರು. ಈಗ ಬಂತು ಎಂದರು. ಕತ್ತು ನೇರ ಮಾಡಿದರು. ಈಗ ಹೋಯ್ತು. ಮತ್ತೆ ತಿರುಗಿಸಿ, ಬಂತು. ಮತ್ತೆ ನೇರ, ಹೋಯ್ತು. ಅಳತೆಯ ಮನುಷ್ಯ ತನ್ನನ್ನೇ ಅಳೆದು ನೋಡುತ್ತಿದ್ದ. ಒಂದೊಂದೇ ಕಣ್ಣು ಮುಚ್ಚಿ ನೋಡಿದರು, ಎರಡರಲ್ಲೂ ಹಾಗೆಯೇ. ಆಮೇಲೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ನನ್ನನ್ನು ನೋಡಿದರು. ನನ್ನ ಮುಖವೂ ಅವರಿಗೆ ಅರ್ಧವೇ ಕಾಣುತ್ತಿರಬಹುದು ಎಂದು ಹೊಳೆದಾಗ ನನಗೆ ಆ ನೋಟವನ್ನು ತಡೆದುಕೊಳ್ಳಲು ಆಗಲಿಲ್ಲ.

ಶಾಲೆಯಲ್ಲಿ ಒಮ್ಮೆ ಆರೋಗ್ಯ ಇಲಾಖೆಯವರು ಬಂದು ಪಾರ್ಶ್ವವಾಯುವಿನ ಬಗ್ಗೆ ಹೇಳಿಹೋಗಿದ್ದು ನೆನಪಾಯಿತು. ಎರಡೂ ಕೈ ಎತ್ತಿ ಎಂದೆ, ಎತ್ತಿದರು. ನಗಿ ಎಂದೆ, ಬಾಯಿ ಸೊಟ್ಟಗಾಗಲಿಲ್ಲ. ಮಾತು ಸ್ಪಷ್ಟ. ಹಾಗಾದರೆ ಕಣ್ಣಿನದೇ ಏನೋ ಎಂದುಕೊಂಡು, ಕಣ್ಣಿನ ಡಾಕ್ಟರರ ಹತ್ತಿರ ಹೋಗುವ ಎಂದೆ. ಈ ಸುತ್ತು ಮುಗಿಸಿ ಹೋಗುವ ಎಂದು ಇಚ್ಚ ಹೇಳಿದರು. ಏರಿ ಹೋಗುತ್ತೇನೆಂದು ಬಾಯಿಬಿಟ್ಟು ಹೇಳಿದ ಮೇಲೆ ಅಳೆಯದೆ ಏಳುವುದು ಸರಿಯಲ್ಲ ಎಂಬುದು ಅವರ ವಾದ. ನಾನು ಬೇಡ ಎಂದೆ. ಅವರು ಎದ್ದರು. ಏಳುವಾಗ ಅವರ ಎಡಮೊಣಕೈ ತಾಗಿ ಅವರದೇ ಭರ್ಜಿಯವರು ಸಾಲಾಗಿ ನೆಲಕ್ಕೆ ಬಿದ್ದರು. ಅವರು ತಿರುಗಿಯೂ ನೋಡಲಿಲ್ಲ. ಗೋಡೆಯ ಮೊಳೆಯಿಂದ ಕಾರಿನ ಕೀ ತೆಗೆದುಕೊಂಡರು.

"ಬನ್ನಿ, ನಾನೇ ಕಾರು ಬಿಡ್ತೇನೆ. ಐದು ನಿಮಿಷದ ದಾರಿ."

ಆಗ ನನಗೆ ಬೆಳಗಿನ ದಾರಿ ಕಂಡಿತು. ಆಲಂಕಾರಿನ ಕೊಡೆಯ ಹೆಂಗಸು, ಸವಣೂರಿನ ಬಸ್ ಸ್ಟಾಪಿನವರು. ಕಡಬದಿಂದ ದರ್ಬೆಯ ತನಕ ಅಷ್ಟು ತಿರುವುಗಳಲ್ಲಿ, ಭಾನುವಾರದ ಮದುವೆ ಬಸ್ಸುಗಳ ನಡುವೆ, ರಸ್ತೆಯ ಎಡ ಅಂಚು ಎಂಬುದೇ ಇಲ್ಲದ ಮನುಷ್ಯನೊಬ್ಬ ಕಾರು ಓಡಿಸಿದ್ದ. ಆ ಎಡಗಡೆಯ ಸೀಟಿನಲ್ಲೇ, ಅವರಿಗೆ ಕಾಣದ ಅರ್ಧದಲ್ಲೇ, ನಾನು ಮಡಿಲಲ್ಲಿ ಮರದ ಗುಡ್ಡ ಇಟ್ಟುಕೊಂಡು ಕೂತಿದ್ದೆ. ದಾರಿಯುದ್ದಕ್ಕೂ ಅವರು ಮಾತಾಡಿದ್ದು ನನ್ನ ಸ್ವರದ ಜೊತೆ.

ಕೀ ಕೊಡಿ ಎಂದೆ. ಅವರು ಒಂದು ಕ್ಷಣ ನೋಡಿದರು, ಏನೂ ಕೇಳದೆ ಕೊಟ್ಟರು. ಅವರಿಗೂ ಅದೇ ಹೊಳೆದಿರಬೇಕು. ಮೆಟ್ಟಿಲಿಳಿಯುವಾಗ ನನ್ನ ಹೆಗಲ ಮೇಲೆ ಕೈ ಇಟ್ಟರು, ಅಲ್ಲಿಯ ತನಕ ಇಟ್ಟಿರಲಿಲ್ಲ.

ಅವರ ಹೆಂಡತಿಗೆ ಹೇಗೆ ಹೇಳಿದೆನೋ ನೆನಪಿಲ್ಲ. ಅಕ್ಕ, ಇಚ್ಚನಿಗೆ ಒಂದು ಬದಿ ಕಾಣುವುದಿಲ್ಲ ಎಂದಷ್ಟೇ ಹೇಳಿರಬೇಕು. ಅವರು ಒಲೆ ಆರಿಸಿ, ಶಾಲು ಸರಿಮಾಡಿಕೊಂಡು, ನಾನು ನಿಲ್ಲಿಸಿದ ಆಟೋದಲ್ಲಿ ಗಂಡನ ಎಡಕ್ಕೆ ಕೂತರು. ದಾರಿಯಲ್ಲಿ ಬ್ಯಾರಿಯಲ್ಲಿ ಮೆಲ್ಲಗೆ ಏನೋ ಕೇಳುತ್ತಿದ್ದರು. ಇಚ್ಚ ಪ್ರತಿ ಸಲ ಉತ್ತರ ಹೇಳಿದ್ದು ಬಲಕ್ಕೆ ಕೂತಿದ್ದ ನನ್ನ ಕಡೆ ಮುಖ ಮಾಡಿ.

ಭಾನುವಾರವಾದ್ದರಿಂದ ಕಣ್ಣಿನ ಡಾಕ್ಟರರ ಬಾಗಿಲು ಹಾಕಿತ್ತು. ಹತ್ತಿರದ ಒಂದು ಖಾಸಗಿ ಆಸ್ಪತ್ರೆಗೆ ಹೋದೆವು. ಡ್ಯೂಟಿಯಲ್ಲಿದ್ದ ಚಿಕ್ಕ ಪ್ರಾಯದ ಡಾಕ್ಟರಮ್ಮ ತಮ್ಮ ಬೆರಳುಗಳನ್ನೇ ಆಚೆ ಈಚೆ ಆಡಿಸಿ ಯಾವುದು ಕಾಣುತ್ತದೆ ಎಂದು ಕೇಳಿದರು. ಕಣ್ಣಿನ ತೊಂದರೆ ಅಲ್ಲ, ಎರಡು ಕಣ್ಣೂ ಸರಿಯಾಗಿಯೇ ಇವೆ ಎಂದರು. ಕಣ್ಣು ನೋಡಿದ್ದನ್ನು ತಿಳಿಯುವ ಜಾಗ ತಲೆಯ ಹಿಂಭಾಗದಲ್ಲಿದೆ, ಅಲ್ಲಿಗೆ ರಕ್ತ ಹೋಗುವುದು ನಿಂತಿರಬಹುದು ಎಂದರು. ಸ್ಕ್ಯಾನ್ ಮಾಡಿಸಿದ ಮೇಲೆ ಅದೇ ನಿಜವಾಯಿತು. ಕೈಕಾಲು ಬೀಳದೆ, ಮಾತು ತೊದಲದೆ ಪಾರ್ಶ್ವವಾಯು ಬರುತ್ತದೆ ಎಂದು ನಮಗೆ ಮೂವರಿಗೂ ಗೊತ್ತಿರಲಿಲ್ಲ.

ಶುರುವಾದದ್ದು ಯಾವಾಗ ಎಂದು ಡಾಕ್ಟರಮ್ಮ ಮತ್ತೆ ಮತ್ತೆ ಕೇಳಿದರು. ಬೇಗ ಬಂದವರಿಗೆ ಕೊಡುವ ಒಂದು ಇಂಜೆಕ್ಷನ್ ಇದೆಯಂತೆ, ಹೊತ್ತು ಮೀರಿದರೆ ಕೊಡುವ ಹಾಗಿಲ್ಲವಂತೆ. ಕೊನೆಯ ಸಲ ಎಡಬದಿ ಕಂಡದ್ದು ಯಾವಾಗ, ನೆನಪು ಮಾಡಿ ಎಂದರು. ಇಚ್ಚ ಕಣ್ಣು ಮುಚ್ಚಿ ಯೋಚಿಸಿದರು. ಬೆಳಗಿನ ನಮಾಜಿನ ಕೊನೆಗೆ ಎಡಕ್ಕೆ ಸಲಾಂ ಹೇಳುವಾಗ ಪಕ್ಕದವರ ಹೆಗಲು ಕಂಡದ್ದು ನೆನಪುಂಟು ಎಂದರು. ಡಾಕ್ಟರಮ್ಮ ಬರೆದುಕೊಳ್ಳಲು ಹೊರಟರು. ಆಗ ಇಚ್ಚ ಅವರನ್ನು ತಡೆದು, "ಇಲ್ಲ, ಅದು ಲೆಕ್ಕಕ್ಕೆ ಬರುದಿಲ್ಲ ಡಾಕ್ಟ್ರೆ. ಸಲಾಂ ಹೇಳುವಾಗ ಕತ್ತು ತಿರುಗಿಸ್ತೇನಲ್ಲ" ಎಂದರು. ತಮ್ಮ ವಿರುದ್ಧವೇ ಆದರೂ ಅಳತೆಯನ್ನು ಒಂದು ಕೂದಲೆಳೆ ಜಾಸ್ತಿ ಹೇಳಲು ಅವರು ಒಪ್ಪಲಿಲ್ಲ.

ಇಂಜೆಕ್ಷನ್ನಿನ ಹೊತ್ತು ಮೀರಿತ್ತು. ಆಂಬುಲೆನ್ಸಿನಲ್ಲಿ ಮಂಗಳೂರಿಗೆ ಕರೆದುಕೊಂಡು ಹೋದೆವು. ಅಲ್ಲಿಯ ವಾರ್ಡಿನಲ್ಲಿ ಇಚ್ಚ ಎಲ್ಲರ ಜೊತೆ ಚೆನ್ನಾಗಿಯೇ ಮಾತಾಡುತ್ತಿದ್ದರು. ನೋಡಲು ಬಂದ ನೆಂಟರು ಇವರಿಗೆ ಏನೂ ಆಗಿಲ್ಲವಲ್ಲ ಎಂದು ಸಮಾಧಾನದಿಂದ ಹೋಗುತ್ತಿದ್ದರು. ಎಡಕ್ಕೆ ನಿಂತವರನ್ನು ಅವರು ಮಾತಾಡಿಸಲೇ ಇಲ್ಲ ಎಂಬುದು ಆ ಕಡೆ ನಿಂತವರಿಗೆ ಮಾತ್ರ ಗೊತ್ತಾಗುತ್ತಿತ್ತು. ಡಾಕ್ಟರುಗಳು ರಕ್ತ ತೆಳುವಾಗಲು ಮಾತ್ರೆ ಕೊಟ್ಟರು. ಹೋದ ಅರ್ಧ ವಾಪಸು ಬಂದರೂ ಬರಬಹುದು, ಬರದೆಯೂ ಇರಬಹುದು, ಕಾರು ಮಾತ್ರ ಇನ್ನು ಮುಟ್ಟಬೇಡಿ ಎಂದರು. ಎಡಕ್ಕೆ ಬೇಕೆಂದೇ ಕತ್ತು ತಿರುಗಿಸಿ, ಅಂಚು ಸಿಕ್ಕುವ ತನಕ ನೋಡುವ ಅಭ್ಯಾಸ ಮಾಡಿಸಲು ಒಬ್ಬರು ಬರುತ್ತಿದ್ದರು.

ಊರಿಗೆ ಬಂದ ಮೇಲೆ ಇಚ್ಚ ಮೆತ್ತಗಾದರು. ಅಂಗಡಿಯ ಗಲ್ಲಾಪೆಟ್ಟಿಗೆಯ ಹತ್ತಿರ ಹೆಂಡತಿ ಕೂರತೊಡಗಿದರು. ಪೇಪರ್ ಓದಿದರೆ ಪ್ರತಿ ಸಾಲಿನ ಮೊದಲ ಶಬ್ದಗಳು ತಪ್ಪುತ್ತಿದ್ದವು, ಅರ್ಥವಾಗದೆ ಸಿಟ್ಟು ಬಂದು ಬಿಸಾಡುತ್ತಿದ್ದರು. ನಾನು ಶಾಲೆಯಿಂದ ಬರುವ ದಾರಿಯಲ್ಲಿ ಹೋಗಿ ಕೂತು, ಅಡಿಕೆ ರೇಟು, ಮಳೆ ಎಂದು ಏನೇನೋ ಮಾತಾಡಿ ಬರುತ್ತಿದ್ದೆ. ಮೇಲಿನ ಕೋಣೆಯ ಮಾತು ಇಬ್ಬರೂ ತೆಗೆಯುತ್ತಿರಲಿಲ್ಲ. ಅಲ್ಲಿ ಆ ದಿನದ ಆಟ ಹಾಗೆಯೇ ನಿಂತಿತ್ತು. ನನ್ನ ಹಂದಿಗಳನ್ನು ಎತ್ತಿಕೊಂಡು ಬರಲು ಒಮ್ಮೆ ಮೇಲೆ ಹೋದವನು, ಬಿದ್ದ ಭರ್ಜಿಯವರನ್ನು ನೋಡಿ, ಹಂದಿಗಳನ್ನಷ್ಟೇ ಡಬ್ಬಕ್ಕೆ ತುಂಬಿಸಿ ಇಳಿದುಬಿಟ್ಟಿದ್ದೆ.

ಒಂದು ದಿನ ಅಂಗಡಿಗೆ ಹೋದಾಗ ಅವರ ಹೆಂಡತಿ ನನ್ನನ್ನು ನಿಲ್ಲಿಸಿದರು. ಎಡಕ್ಕೆ ನೋಡುವ ಅಭ್ಯಾಸ ಇವರು ಮಾಡುವುದೇ ಇಲ್ಲ, ಗೋಡೆಗೆ ಅಂಟಿಸಿದ ಚುಕ್ಕಿಗಳನ್ನು ಎಷ್ಟು ಹೊತ್ತು ನೋಡುತ್ತಾರೆ ಪಾಪ ಎಂದರು. ಮೇಲೆ ಆಟ ಶುರು ಮಾಡಬಹುದಲ್ಲ ಎಂದರು. ಆ ಬೊಂಬೆಗಳ ಕೋಣೆಗೆ ಎಂದೂ ಕಾಲಿಡದವರು.

"ಹಂದಿಗಳನ್ನೂ ತನ್ನಿ ಮಾಷ್ಟ್ರೆ," ಎಂದರು. "ಅವು ಇಲ್ಲದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ. ಮರುದಿನವೂ ಇವರು ಕಾರು ತೆಗೀತಿದ್ರು."

ಆಯಿತು ಅಕ್ಕ ಎಂದು ಹೇಳಿ ಬೇಗ ಹೊರಗೆ ಬಂದೆ.

ಮರುವಾರ ಮೇಲೆ ಹೋದೆವು. ಮೆಟ್ಟಿಲಿನಲ್ಲಿ ಇಚ್ಚ ಎಡಗೈಯಿಂದ ಗೋಡೆ ಸವರುತ್ತಾ ಹತ್ತಿದರು. ಬಿದ್ದ ಭರ್ಜಿಯವರನ್ನು ಅವರೇ ಬಗ್ಗಿ ಹೆಕ್ಕಿದರು. ಒಬ್ಬನ ಭರ್ಜಿ ಮುರಿದಿತ್ತು, ನೀವು ಅಂಟಿಸಿ ಕೊಡಬೇಕು ಎಂದು ನನ್ನ ಅಂಗೈಯಲ್ಲಿಟ್ಟರು. ಹೊಸದಾಗಿ ಆಟ ಹೂಡಿದೆವು. ನಾನು ಹಂದಿಗಳನ್ನು ಈ ಸಲ ನನ್ನ ಎಡಕ್ಕೆ, ಅಂದರೆ ಅವರಿಗೆ ಚೆನ್ನಾಗಿ ಕಾಣುವ ಬಲಕ್ಕೆ ಇಟ್ಟೆ. ಉಳಿದವರನ್ನೂ ಹೆಚ್ಚುಕಡಿಮೆ ಆ ಕಡೆಗೇ ನಡೆಸಿದೆ. ಇಚ್ಚ ಎರಡು ಮೂರು ಸುತ್ತು ನೋಡಿದರು. ಆಮೇಲೆ ಕತ್ತು ನಿಧಾನವಾಗಿ ಎಡಕ್ಕೆ ತಿರುಗಿಸಿ, ಮೇಜಿನ ಅಂಚು ಸಿಕ್ಕುವ ತನಕ ನೋಡಿದರು. ಅಲ್ಲಿ ನನ್ನ ಒಬ್ಬನೇ ಒಬ್ಬ ರಕ್ಕಸನೂ ಇರಲಿಲ್ಲ.

ಜಗಳ ಶುರುವಾಯಿತು, ತುಳುವಿನಲ್ಲಿ. ನಿಮಗೆ ನಾನು ಎಂತ, ಸಣ್ಣ ಮಗುವಾ ಎಂದು ಕೇಳಿದರು. ಆಟ ಆಡುವುದಾದರೆ ಆಡಬೇಕು, ಇಲ್ಲದಿದ್ದರೆ ಕೆಳಗೆ ಹೋಗಿ ಚಾ ಕುಡಿದು ಮನೆಗೆ ಹೋಗಬೇಕು ಎಂದರು. ಅಷ್ಟು ಜೋರಾಗಿ ಅವರು ನನಗೆ ಹೇಳಿದ್ದು ಅದೇ ಮೊದಲು. ಕೆಳಗಿನಿಂದ ಅವರ ಹೆಂಡತಿ ಎಂತ ಆಯಿತೆಂದು ಕೂಗಿ ಕೇಳಿದರು. ಇಬ್ಬರೂ ಬಾಯಿ ಮುಚ್ಚಿದೆವು. ಆಮೇಲೆ ಇಚ್ಚ ಕನ್ನಡಕ್ಕೆ ಬಂದು, ಸಣ್ಣ ಸ್ವರದಲ್ಲಿ ಹೇಳಿದರು, "ಎಡದಿಂದ ಬನ್ನಿ ಮಾರಾಯ್ರೆ. ಯಾರೂ ಬಾರದಿದ್ರೆ ನಾನು ಆ ಕಡೆ ನೋಡುದು ಯಾಕೆ?"

ತುಕಡಿಗಳನ್ನೆಲ್ಲ ಎತ್ತಿ ಮತ್ತೆ ಮೊದಲಿನಿಂದ ಇಟ್ಟೆವು. ಹಂದಿಗಳನ್ನು ಅವರ ಎಡತುದಿಗೆ ಇಟ್ಟೆ. ಹೊತ್ತು ನೋಡಿ ಪಕ್ಕೆಗೆ ಏರಿ ಬರುತ್ತಾರೆ ಎಂದೆ. ಇಚ್ಚ ಕತ್ತು ತಿರುಗಿಸಿದರು, ಹಂದಿಗಳನ್ನು ಕಂಡರು, ಒಂದು ಕಣ್ಣು ಸಣ್ಣದು ಮಾಡಿದರು. ಮುಟ್ಟುವುದಿಲ್ಲ ಎಂದರು. ಟೇಪು ಹಿಡಿದೆ. ಮುಟ್ಟಲಿಲ್ಲ. ನನ್ನ ಹಂದಿಗಳು ನಡುದಾರಿಯಲ್ಲಿ ನಿಂತವು, ಅವರ ಕುದುರೆಯವರು ತಿರುಗಿ ಬಂದು ಹೊಡೆದರು. ಅವರು ಆ ದಿನ ಗೆದ್ದರೋ ಸೋತರೋ ನೆನಪಿಲ್ಲ, ಆ ಹೊಡೆತ ಮಾತ್ರ ನೆನಪಿದೆ.

ಈಗಲೂ ಆಡುತ್ತೇವೆ. ಹೋದ ಅರ್ಧ ಅವರಿಗೆ ವಾಪಸು ಬಂದಿಲ್ಲ. ಕತ್ತು ತಿರುಗಿಸುವುದು ಅಭ್ಯಾಸವಾಗಿದೆ, ಕೆಲವು ದಿನ ಮರೆಯುತ್ತಾರೆ. ಮರೆತ ದಿನ ಸೋಲುತ್ತಾರೆ, ಒಮ್ಮೊಮ್ಮೆ ಹಾಳಾಗಿ ಸೋಲುತ್ತಾರೆ. ಆಗ ನನಗೆ ಗೆದ್ದ ಸಂತೋಷ ಆಗುವುದಿಲ್ಲ. ಅವರೇ ಡೈಸ್ ಹೆಕ್ಕಿ ನನ್ನ ಕೈಗೆ ಕೊಟ್ಟು ಮುಂದಿನದು ಆಡಿ ಎನ್ನುತ್ತಾರೆ.

ಮೊನ್ನೆ ಚಾ ಕುಡಿಯುವಾಗ ನಾನು ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ. ಆ ಕಡೆ ಕಪ್ಪಾಗಿ ಕಾಣುತ್ತದೆಯೇ, ಪರದೆ ಇಳಿಬಿಟ್ಟ ಹಾಗೆಯೇ ಎಂದು. ಜೀವಮಾನವಿಡೀ ಬಣ್ಣ ಕಲಿಸಿದವನು ನಾನು, ಕಾಣದಿರುವುದಕ್ಕೂ ಏನಾದರೂ ಬಣ್ಣ ಇರಬೇಕೆಂದು ತಿಳಿದಿದ್ದೆ.

"ಕಪ್ಪು ಇಲ್ಲ," ಎಂದರು ಇಚ್ಚ. "ನಿಮ್ಮ ಬೆನ್ನ ಹಿಂದೆ ನಿಮಗೆ ಈಗ ಎಂತ ಕಾಣ್ತದೆ? ಕಪ್ಪು ಕಾಣ್ತದಾ?"

ನಾನು ಬೆನ್ನ ಹಿಂದೆ ಏನು ಕಾಣುತ್ತದೆ ಎಂದು ಯೋಚಿಸಿದೆ. ಕಪ್ಪು ಇರಲಿಲ್ಲ, ಬಿಳಿಯೂ ಇರಲಿಲ್ಲ. ಏನೂ ಇರಲಿಲ್ಲ. ಏನೂ ಇಲ್ಲ ಎಂಬುದೂ ಅಲ್ಲಿ ಇರಲಿಲ್ಲ. ಕಪ್ಪೂ ಇಲ್ಲ, ಏನೂ ಇಲ್ಲ ಎಂದೆ.

ಹಾಗೆಯೇ ಮಾಷ್ಟ್ರೆ ಎಂದು ಹೇಳಿ ಇಚ್ಚ ತಮ್ಮ ಲೋಟವನ್ನು ಕೆಳಗಿಟ್ಟರು, ಆಮೇಲೆ ಸುತ್ತು ಯಾರದ್ದು ಎಂದು ಕೇಳಿದರು.